ಎರಡನೆಯ ಗುಂಡು ಮತ್ತು ಚಕ್ಕುಲಿಯ ಪೆಟ್ಟಿಗೆ

ಮೊದಲು ಕಕ್ಕಡ ಮಾಸಕ್ಕೆ ನಮಸ್ಕಾರ. ಬೆಂಕಿಕಡ್ಡಿಯ ತಲೆಯನ್ನು ಮೆತ್ತಗೆ ಮಾಡುವ, ಉಪ್ಪಿನ ಭರಣಿಯನ್ನು ಕೆರೆಯಾಗಿಸುವ, ಹಬ್ಬಕ್ಕೆ ತೊಡುವ ಕರಿಯ ನಿಲುವಂಗಿ ಕುಪ್ಯದ ಮೇಲೆ ಬಿಳಿಯ ಬೂಸ್ಟಿನಿಂದ ಕಸೂತಿ ಹಾಕುವ, ಸಕಲಶುಷ್ಕವಸ್ತುಸಂಹಾರಿಣಿಯಾದ, ಸೂರ್ಯಬಿಂಬತಿರಸ್ಕಾರಿಣಿಯಾದ ಆ ಮಹಾವೃಷ್ಟಿಗೆ ನಮಸ್ಕಾರ. ಅದರ ಪ್ರತಾಪದ ಮುಂದೆ ಯಾವ ಮನುಷ್ಯನ ಪ್ರತಾಪವೂ ಗರಿಗರಿಯಾಗಿ ಉಳಿಯುವುದಿಲ್ಲ. ಆದರೂ ಉಳಿಸಲು ಹೋರಾಡಿದವನೊಬ್ಬನಿದ್ದ. ಅವನ ಯುಗವನ್ನೂ ಅವನ ಯುದ್ಧವನ್ನೂ ನನ್ನ ಶಕ್ತಿಯಿದ್ದಷ್ಟು ಹೇಳುತ್ತೇನೆ. ಎಲ್ಲಿಯಾದರೂ ಹೆಚ್ಚಾದರೆ ತಡೆದುಕೊಳ್ಳಬೇಕು, ಕಡಿಮೆಯಾದರೆ ತುಂಬಿಕೊಳ್ಳಬೇಕು.

ಕೊಡಗಿನ ದಕ್ಷಿಣದ ಅಂಚಿನಲ್ಲಿ, ಕಾಫಿಗಿಡಗಳ ನಡುವಿನ ದಿಬ್ಬವೊಂದರ ಮೇಲೆ, ಮಂದೇರಂಡ ಎಂಬ ಪುರಾತನ ಒಕ್ಕದಲ್ಲಿ, ಅಂದರೆ ಮನೆತನದಲ್ಲಿ, ಜನಿಸಿದ, ಶ್ವೇತಶ್ಮಶ್ರುಮಂಡಿತ, ಭೂಸೇನಾಭೂಷಣ, ಆಜಾನುಬಾಹುವಲ್ಲದಿದ್ದರೂ ಅಂಗಿಯ ತೋಳು ಮಾತ್ರ ಸದಾ ಬೆರಳಿನವರೆಗೆ ಇಳಿದಿರುತ್ತಿದ್ದ ನಿವೃತ್ತ ಹವಾಲ್ದಾರ ಉತ್ತಯ್ಯನೇ ಆ ವೀರ. ದೇಶಕ್ಕಾಗಿ ಅವನು ತನ್ನ ಯೌವನವನ್ನು ಧಾರೆಯೆರೆದದ್ದು ನಿಜ. ಎಲ್ಲಿ ಎರೆದ ಎಂದು ಕೇಳಿದರೆ ಮಾತ್ರ ಕಥೆ ಹೇಳುವವರು ಸ್ವಲ್ಪ ತಡವರಿಸಬೇಕಾಗುತ್ತದೆ. ಸೈನ್ಯದ ಕಂಬಳಿ ಉಗ್ರಾಣದಲ್ಲಿ. ಶತ್ರುಗಳು ಆ ಉಗ್ರಾಣದ ಹತ್ತಿರ ಒಮ್ಮೆಯೂ ಸುಳಿಯಲಿಲ್ಲ; ಅದಕ್ಕೆ ಉತ್ತಯ್ಯನ ಭಯವೇ ಕಾರಣವೆನ್ನಲು ಆಧಾರವಿಲ್ಲ, ಅಲ್ಲವೆನ್ನಲೂ ಇಲ್ಲ. ನುಸಿ, ತೇವ, ಇಲಿ ಎಂಬ ಮೂವರು ವೈರಿಗಳೊಡನೆ ಮಾತ್ರ ಅವನು ಹಗಲಿರುಳು ಕಾದಿದ. ವಸ್ತುವನ್ನು ಒಣಗಿದ ಸ್ಥಿತಿಯಲ್ಲಿ, ಬೀಗದೊಳಗೆ, ಬೆಂಕಿಯಿಂದ ದೂರವಾಗಿ ಇಡುವುದೇ ಪರಮಧರ್ಮವೆಂದು ಅಲ್ಲಿ ಕಲಿತು ಊರಿಗೆ ಮರಳಿದ.

ಅಂಥವನ ಎದೆಯಲ್ಲೊಂದು ಮುಳ್ಳು ಮುರಿದಿತ್ತು. ಅದನ್ನು ಹೇಳದೆ ಯುದ್ಧವನ್ನು ಹೇಳಿದರೆ ಅನ್ಯಾಯವಾದೀತು.

ಆ ನಾಡಿನಲ್ಲಿ ಮನೆಗೊಂದು ಕೋವಿ ಉಂಟು. ಗಂಡುಮಗು ಹುಟ್ಟಿದರೆ ಅಂಗಳದಲ್ಲಿ ನಿಂತು ಆಕಾಶಕ್ಕೆ ಒಂದು ಗುಂಡು ಹಾರಿಸುತ್ತಾರೆ. ಯಾರಾದರೂ ತೀರಿಕೊಂಡರೆ ಎರಡು. ಫೋನು ಬಂದ ಮೇಲೂ ಕಣಿವೆಯ ಜನ ಮೊದಲು ನಂಬುವುದು ಕೋವಿಯ ಮಾತನ್ನೇ. ಒಂದು ಕೇಳಿದರೆ ನಗುತ್ತ ಬರುತ್ತಾರೆ, ಎರಡು ಕೇಳಿದರೆ ಬಿಳಿ ಬಟ್ಟೆ ಹುಡುಕುತ್ತಾರೆ. ಹಿಂದಿನ ವರ್ಷದ ಕಕ್ಕಡದಲ್ಲಿ, ಒಂದು ಮುಂಜಾನೆ, ಉತ್ತಯ್ಯನ ಅಣ್ಣ ಬೆಳ್ಯಪ್ಪ ತೀರಿಕೊಂಡ. ಅಣ್ಣನ ಮನೆ, ತಮ್ಮನ ಮನೆ ಒಂದೇ ಅಂಗಳದ ಎರಡು ಬದಿಗೆ. ತಮ್ಮನೇ ಜೋಡಿನಳಿಗೆಯ ಕೋವಿ ತಂದು, ಒದ್ದೆ ಅಂಗಳದ ನಡುವೆ ನಿಂತು, ಕಣ್ಣೀರು ಒರೆಸಿಕೊಂಡು ಗುರಿಯಿಲ್ಲದ ಗುರಿಯತ್ತ ಎತ್ತಿದ. ಮೊದಲ ನಳಿಗೆ ಗುಡುಗಿತು. ಗುಡ್ಡ ಮಾರುತ್ತರ ಕೊಟ್ಟಿತು. ಎರಡನೆಯ ನಳಿಗೆ, ಇದನ್ನು ಹೇಳಲು ನಾಲಿಗೆ ಹಿಂಜರಿಯುತ್ತದೆ, ಠುಸ್ ಎಂದಿತು.

ಉತ್ತಯ್ಯ ಜೇಬು ತಡಕಿದ. ಉಳಿದ ತೋಟಾಗಳೆಲ್ಲ ತೇವ ಕುಡಿದು ಉಬ್ಬಿದ್ದವು. ನಳಿಗೆಯೊಳಗೆ ಹೋಗಲೇ ಇಲ್ಲ. ಒಕ್ಕದ ತೋಟಾಗಳನ್ನು ಕಾಯುವ ಹೊಣೆ ಅವನದೇ ಆಗಿದ್ದರಿಂದ ಬೇರೆ ಮನೆಯಲ್ಲೂ ಒಂದೂ ಇರಲಿಲ್ಲ. ಹೀಗೆ, ಮುಂಜಾನೆ ಸತ್ತ ಬೆಳ್ಯಪ್ಪ ಕಣಿವೆಯ ಲೆಕ್ಕದಲ್ಲಿ ಹುಟ್ಟಿದ.

ಮೊದಲು ಬಂದವನು ಕೆಳಗೆ ಹರಿಯುವ ತೋಡಿನ ಆಚೆಯ ಅಪ್ಪಚ್ಚು. ಉತ್ತಯ್ಯನಿಗೆ ದಾಯಾದಿ, ಓರಗೆಯವನು, ವ್ಯಂಗ್ಯಬಾಣವಿದ್ಯಾವಿಶಾರದ. ಮುಖ ತೊಳೆದು, ಬ್ರಾಂದಿ ಬಾಟ್ಲಿಯನ್ನು ಕೊಡೆಯ ಕೆಳಗೆ ಮಗುವಿನಂತೆ ಅಪ್ಪಿಕೊಂಡು, ಹಲ್ಲುಗಳನ್ನೆಲ್ಲ ಹೊರಗಿಟ್ಟು ಬಂದು, ಬಾಗಿಲಲ್ಲಿ ನಿಂತಿದ್ದ ಉತ್ತಯ್ಯನ ಹೆಂಡತಿ ದೇಚಮ್ಮನನ್ನು ಕೇಳಿದ:

"ಯಾರಿಗೆ ದೇಚಮ್ಮ, ಗಂಡು?"

ಅವಳ ಮುಖ ನೋಡಿ ಅವನ ನಗು ಇಳಿಯಲು ಎಷ್ಟು ಹೊತ್ತಾಯಿತೋ, ಅಷ್ಟು ಹೊತ್ತು ಆ ಮನೆಗೆ ಒಂದು ವರ್ಷದಷ್ಟು ಉದ್ದವಾಯಿತು. ಅಪ್ಪಚ್ಚು ಅಂದು ಎಲ್ಲರಿಗಿಂತ ಹೆಚ್ಚು ಅತ್ತ. ಚಟ್ಟಕ್ಕೆ ಹೆಗಲು ಕೊಟ್ಟ. ಆದರೆ ತಿಥಿ ಮುಗಿದ ಮೇಲೆ ಅವನ ಬಾಯಿ ಸ್ವಧರ್ಮಕ್ಕೆ ಮರಳಿತು. ಸಂತೆಯಲ್ಲಿ, ಬಸ್ಸಿನಲ್ಲಿ, ಮದುವೆಯ ಪಂಕ್ತಿಯಲ್ಲಿ ಉತ್ತಯ್ಯ ಎದುರಾದಾಗಲೆಲ್ಲ ಅವನು ವಿಚಾರಿಸುತ್ತಿದ್ದ: ಮಗು ಹೇಗಿದೆ, ಹಲ್ಲು ಬಂತೇ, ಅಂಬೆಗಾಲಿಡುತ್ತದೆಯೇ. ಜನ ನಗುತ್ತಿದ್ದರು. ಉತ್ತಯ್ಯನೂ ನಗುತ್ತಿದ್ದ. ಮನೆಗೆ ಬಂದು ಅಂಗಳದ ಆ ಬದಿಯಲ್ಲಿ ಅತ್ತಿಗೆ ಮುತ್ತವ್ವನ ಕಿಟಕಿ ಕಂಡರೆ ಆ ನಗು ಗಂಟಲಲ್ಲೇ ಒದ್ದೆಯಾಗುತ್ತಿತ್ತು. ಮುತ್ತವ್ವ ಆ ಎರಡನೆಯ ಗುಂಡಿನ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಆಡಿದ್ದರೆ ಚೆನ್ನಾಗಿತ್ತು.

ಹೊಸ ವರ್ಷದ ಮಳೆ ಬಂತು. ಕೈಲ್ ಮುಹೂರ್ತ ಹತ್ತಿರವಾಯಿತು. ನಾಟಿ ಮುಗಿದ ಮೇಲೆ ಕೋವಿ ಕತ್ತಿಗಳನ್ನು ದೇವರ ಕೋಣೆಯಲ್ಲಿಟ್ಟು ಪೂಜಿಸಿ, ಹಂದಿಸಾರು, ಅಕ್ಕಿತರಿಯ ಉಂಡೆ ಕಡಂಬುಟ್ಟು ಉಂಡು, ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಹಬ್ಬ. ಒಕ್ಕದವರು ತಮ್ಮ ಮೂಲಮನೆಯಾದ ಐನ್‌ಮನೆಯ ಜಗಲಿಯಲ್ಲಿ ಸೇರಿದರು. ಲೈಸೆನ್ಸಿನ ಅಂಗಡಿಯಿಂದ ತಂದ ಹೊಸ ತೋಟಾಗಳು, ಕಾಗದದ ಡಬ್ಬಗಳಲ್ಲಿ ಒತ್ತೊತ್ತಾಗಿ, ಒಂದು ದೊಡ್ಡ ಮೂಟೆಯಷ್ಟು, ನೆಲದ ಮೇಲಿದ್ದವು. ಹಬ್ಬದವರೆಗೆ ಇವನ್ನು ಯಾರ ಮನೆಯಲ್ಲಿಡುವುದು ಎಂಬ ಪ್ರಶ್ನೆ ಬಂದಾಗ ಎಲ್ಲರೂ ತಮ್ಮ ತಮ್ಮ ಕಾಲಬೆರಳುಗಳನ್ನು ಪರೀಕ್ಷಿಸಿದರು. ಅಪ್ಪಚ್ಚು ಮಾತ್ರ, ತನ್ನ ಮನೆಗೆ ಈಗ ಕಾಂಕ್ರೀಟಿನ ತಾರಸಿ ಆಗಿದೆ, ಉತ್ತಯ್ಯನ ಕೈ ಮಗುವನ್ನು ಎತ್ತಿಕೊಂಡು ದಣಿದಿರಬಹುದು, ಈ ಸಲ ತಾನೇ ನೋಡಿಕೊಳ್ಳುತ್ತೇನೆ ಎಂದ.

ಆಗ ಎದ್ದ ಉತ್ತಯ್ಯ ಆಡಿದ ಮಾತು ಕವಿಯ ಕಿವಿಗೆ ಕೇಳಿಸಿದ್ದು ಹೀಗೆ: "ಎಲೈ ಕಾಂಕ್ರೀಟುಗರ್ವಿತನೇ, ಕೇಳು. ಈ ಅಗ್ನಿಗರ್ಭ ಗುಲಿಕಾರಾಶಿಯನ್ನು ವರುಣನ ಒಂದು ಹನಿ ಸೋಂಕಿದರೂ, ಅನಲನ ಒಂದು ಕಿಡಿ ನೆಕ್ಕಿದರೂ, ಮೂಷಿಕಸಂತಾನದ ಒಂದು ಹಲ್ಲು ತಾಗಿದರೂ, ನಾನು ಈ ಒಕ್ಕದ ಜಗಲಿಯನ್ನು ಮತ್ತೆ ಏರತಕ್ಕವನಲ್ಲ. ಪ್ರತಿಯೊಂದು ತೋಟಾವೂ ಗುಡುಗಬೇಕು. ಗುಡುಗದಿದ್ದರೆ ನನ್ನ ಕೋವಿಯನ್ನೇ ದೇವರ ಕೋಣೆಯಲ್ಲಿ ಬಿಟ್ಟು ಬರಿಗೈಯಲ್ಲಿ ನಡೆದೇನು." ಜಗಲಿಯಲ್ಲಿ ಕುಳಿತಿದ್ದವರ ಕಿವಿಗೆ ಕೇಳಿಸಿದ್ದು, "ನಾನೇ ಇಡ್ತೇನೆ. ಈ ಸಲ ಒಂದು ಕೈಕೊಟ್ರೂ ಮತ್ತೆ ಕೋವಿ ಮುಟ್ಟೋದಿಲ್ಲ," ಎಂಬಷ್ಟು. ಕೋವಿ ಮುಟ್ಟದ ಕೊಡವನೆಂದರೆ ಹಬ್ಬದ ದಿನ ಎಲ್ಲಿ ನಿಲ್ಲಬೇಕೆಂದು ತಿಳಿಯದವನು. ಅದು ಅಲ್ಲಿದ್ದವರಿಗೆಲ್ಲ ಗೊತ್ತಿದ್ದುದರಿಂದ ಯಾರೂ ನಗಲಿಲ್ಲ, ಅಪ್ಪಚ್ಚು ಕೂಡ.

ಇನ್ನು ಶುಷ್ಕಸ್ಥಾನಾನ್ವೇಷಣಪರ್ವ.

ತೋಟಾಗಳ ಮೂಟೆಯನ್ನು ಜೀಪಿನಲ್ಲಿ ತಂದ ಉತ್ತಯ್ಯ ಮನೆಯನ್ನು ಸೇನಾಪತಿಯ ಕಣ್ಣಿನಿಂದ ನೋಡಿದ. ಭತ್ತದ ಕೋಣೆ ಮೂಷಿಕರಾಜ್ಯ. ಕಬ್ಬಿಣದ ಟ್ರಂಕಿನ ತಳವನ್ನು ತುಕ್ಕು ತಿಂದಿತ್ತು. ಬಟ್ಟೆಯ ಕಪಾಟಿನ ಹಿಂದಿನ ಗೋಡೆ ಬೆರಳೊತ್ತಿದರೆ ಬೆವರುತ್ತಿತ್ತು. ಕೊನೆಗೆ, ಹಾಸಿಗೆಯ ಕೆಳಗಿನ ಪೆಟ್ಟಿಗೆಯಲ್ಲಿಟ್ಟು ತಾನೇ ಮೇಲೆ ಮಲಗಿದರೆ ತನ್ನ ದೇಹದ ಶಾಖದಿಂದಲೇ ಅವು ಒಣಗಿರಬಹುದೆಂಬ ಕೋಳಿಯ ಶಾಸ್ತ್ರವನ್ನು ಅವನು ಪ್ರಯೋಗಿಸಿದ. ವಿಷಯ ತಿಳಿದ ದೇಚಮ್ಮ ತನ್ನ ದಿಂಬು ತೆಗೆದುಕೊಂಡು ಪಕ್ಕದ ಕೋಣೆಗೆ ಹೋದಳು. ಬೆಳಿಗ್ಗೆ ನೋಡಿದರೆ ಡಬ್ಬಗಳ ಕಾಗದ ತಣ್ಣಗೆ, ಜಿಗುಟಾಗಿ, ಕಾವು ಸಿಗದ ಮೊಟ್ಟೆಯಂತಿತ್ತು.

ಆಗ ಅವನು ಆ ತಪ್ಪು ಮಾಡಿದ. ಉಗ್ರಾಣದ ಧರ್ಮವನ್ನು ಅರಿತವನೇ ಮಾಡಿದನೆಂಬುದರಿಂದ ಅದು ದೊಡ್ಡ ತಪ್ಪು. ಆ ನಾಡಿನ ಯಾರು ಬೇಕಾದರೂ ಮಾಡಬಹುದಾಗಿತ್ತೆಂಬುದರಿಂದ ಸಣ್ಣದು. ಮಳೆಗಾಲದಲ್ಲಿ ಆ ಮನೆಗಳಲ್ಲಿ ಒಣಗಿದ ಜಾಗವೆಂದರೆ ಒಂದೇ: ಸೌದೆ ಒಲೆಯ ಮೇಲಿನ ಅಟ್ಟ. ಕರಿಮೆಣಸು, ಬಿತ್ತನೆಯ ಬೀಜ, ಹಂದಿಮಾಂಸದ ತುಂಡು, ಒದ್ದೆಯಾದ ಬೂಟು, ಎಲ್ಲವೂ ಹೊಗೆಯಲ್ಲಿ ಒಣಗುವುದು ಅಲ್ಲೇ. ತೇವದ ಭಯ ಬೆಂಕಿಯ ಭಯವನ್ನು ನುಂಗಿಬಿಟ್ಟಿತು. ಉತ್ತಯ್ಯ ತೋಟಾಗಳನ್ನು ಡಬ್ಬದಿಂದ ಬಿಡಿಸಿ ಗೋಣಿತಾಟಿನ ಮೇಲೆ ಹರಡಿ, ಅಟ್ಟದ ಮೇಲೆ, ನೇತುಹಾಕಿದ ಮಾಂಸದ ಹಿಂದೆ ಸಾಲಾಗಿ ಮಲಗಿಸಿದ. ಕೆಳಗೆ ಒಲೆ ಉರಿಯುತ್ತಿತ್ತು. ಅವನಿಗೆ ಆ ಕ್ಷಣ ಎಷ್ಟು ಸಮಾಧಾನವಾಯಿತೆಂದರೆ, ಒಂದು ಲೋಟ ಕಾಫಿ ಕುಡಿದು ಸಣ್ಣದಾಗಿ ಶಿಳ್ಳೆ ಹಾಕಿದ.

ಮಧ್ಯಾಹ್ನ ದೇಚಮ್ಮ ಸಾರಿಗೆಂದು ಒಂದು ತುಂಡು ಮಾಂಸ ಇಳಿಸಲು ಸ್ಟೂಲು ಹತ್ತಿದಳು. ಕೈ ಚಾಚಿ ತಡಕಿದಳು. ಮಾಂಸಕ್ಕಿಂತ ನುಣುಪಾದ, ತುದಿಯಲ್ಲಿ ಹಿತ್ತಾಳೆಯುಳ್ಳ ಏನೋ ಸಿಕ್ಕಿತು. ಸ್ಟೂಲಿನಿಂದ ಇಳಿದು ಅಂಗೈ ಬಿಚ್ಚಿ ನೋಡಿದಳು. ಒಲೆಯಿಂದ ಸೌದೆಗಳನ್ನು ಒಂದೊಂದಾಗಿ ಎಳೆದು ಹೊರಗಿನ ಮಳೆಗೆ ಎಸೆದಳು. ಕೆಂಡದ ಮೇಲೆ ಸಾರಿನ ನೀರನ್ನೇ ಸುರಿದಳು. ಆಮೇಲೆ ಗಂಡನನ್ನು ಕರೆದಳು.

ದೇಚಮ್ಮನ ವರ್ಣನೆ ಈ ತನಕ ಬಾರದಿದ್ದುದು ಕವಿಯ ದೋಷ. ಅವಳು ಧೂಮಧೂಸರಕೇಶಿ, ಗೃಹರಾಜ್ಯಾಧೀಶ್ವರಿ, ಮಿತಭಾಷಿಣಿ; ಮಿತವಾದ ಆ ಭಾಷೆಯಲ್ಲೂ ಅರ್ಧ ಹುಬ್ಬಿನಿಂದಲೇ ಆಡಿ ಮುಗಿಸುತ್ತಿದ್ದವಳು. ಅಂದು ಅವಳ ಹುಬ್ಬು ಅಲ್ಲಾಡಲಿಲ್ಲ. ಕೈಯಲ್ಲಿದ್ದ ತೋಟಾವನ್ನು ಗಂಡನ ಕಾಫಿ ಲೋಟದ ಪಕ್ಕ ನಿಲ್ಲಿಸಿದಳು.

"ಇದರ ಕೆಳಗೆ ನಾನು ಬೆಳಿಗ್ಗೆಯಿಂದ ರೊಟ್ಟಿ ತಟ್ತಾ ಇದ್ದೆ," ಎಂದಳು. "ಮುತ್ತವ್ವಕ್ಕ ಬಂದು ಇಲ್ಲೇ ಕೂತು ಕೈ ಕಾಯಿಸಿಕೊಂಡು ಹೋದ್ರು. ನಿಮ್ಮ ಅಣ್ಣನಿಗೆ ಗುಂಡು ಸಾಲಲಿಲ್ಲ ಅಂತ ನಮಗೆ ಹೊಡೆಸ್ಲಿಕ್ಕೆ ಹೊರಟಿದ್ದೀರಾ?"

ಉತ್ತಯ್ಯನ ಮುಖದಲ್ಲಿದ್ದ ರಕ್ತ ಇಳಿದು ಎಲ್ಲಿಗೆ ಹೋಯಿತೋ ತಿಳಿಯಲಿಲ್ಲ. ಅವನು ಸ್ಟೂಲು ಹತ್ತಿ, ಒಂದೊಂದೇ ತೋಟಾವನ್ನು ಎರಡೂ ಕೈಯಿಂದ ಇಳಿಸಿದ. ಅವು ಕೆಂಡಕ್ಕೆ ಉದುರಬಹುದಾದ ಬಿರುಕುಗಳೆಲ್ಲ ಅಟ್ಟದ ಹಲಗೆಯಲ್ಲಿ ಈಗ ಅವನಿಗೆ ಕಂಡವು. ಅಲ್ಲಿಂದ ಇಳಿದವನ ಬಾಯಿಂದ ಹೊರಟದ್ದು ಕ್ಷಮೆಯಲ್ಲ. ವೀರರಿಗೆ ಅದು ಅಷ್ಟು ಬೇಗ ಬರುವುದಿಲ್ಲ. ಹೊರಟದ್ದು ಯುದ್ಧಘೋಷಣೆ.

"ಹಾಗಾದ್ರೆ ನನ್ನ ಪೆಟ್ಟಿಗೆ ಕೊಡು."

ಅಡುಗೆಮನೆಯ ಗಾಳಿ ನಿಂತಿತು.

ಆ ಪೆಟ್ಟಿಗೆಯನ್ನು ಬಣ್ಣಿಸದೆ ಮುಂದುವರಿಯುವಂತಿಲ್ಲ. ಹರಿದ್ವರ್ಣದ ಉಕ್ಕಿನ ಮೈ. ಬದಿಯಲ್ಲಿ ಹಳದಿ ಬಣ್ಣದ ಮಾಸಿದ ಅಕ್ಷರಗಳು. ತಲೆಯ ಮೇಲೆ ಮಡಚುವ ಹಿಡಿಕೆ. ಮುಚ್ಚಳದ ಒಳಸುತ್ತಿನಲ್ಲಿ ಬೆರಳು ದಪ್ಪದ ರಬ್ಬರಿನ ಪಟ್ಟಿ. ಒತ್ತಿದರೆ ಟಕ್ಕೆಂದು ಕಚ್ಚುವ, ಬೀಗ ಹಾಕಲು ಕಣ್ಣುಳ್ಳ ಚಿಲಕ. ಒಮ್ಮೆ ಮುಚ್ಚಿದರೆ ಹೊಳೆಯ ತಳದಲ್ಲಿಟ್ಟರೂ ಒಳಗೊಂದು ಹನಿ ಇಳಿಯದು. ಗುಂಡುಗಳನ್ನು ತುಂಬಿಡಲೆಂದೇ ಸೈನ್ಯ ಮಾಡಿಸಿದ ಆ ಅಭೇದ್ಯ ಪೇಟಿಕೆಯನ್ನು, ಬೇಡದ ಸಾಮಾನಿನ ಹರಾಜಿನಲ್ಲಿ ಕೊಂಡು, ನಿವೃತ್ತಿಯ ದಿನ ಹೆಗಲ ಮೇಲೆ ಹೊತ್ತು ಉತ್ತಯ್ಯ ಮನೆಗೆ ತಂದಿದ್ದ. ಹೊಸ್ತಿಲು ದಾಟಿದ ಕ್ಷಣವೇ ಅದು ಶತ್ರುವಶವಾಯಿತು. ಅಂದಿನಿಂದ ಇಂದಿನವರೆಗೆ ಅದರೊಳಗೆ ವಾಸಿಸುತ್ತಿದ್ದದ್ದು ದೇಚಮ್ಮನ ಚಕ್ಕುಲಿ.

ಚಕ್ಕುಲಿಯೆಂದು ಹಗುರಾಗಿ ನೋಡಬಾರದು. ಇಡೀ ಕಣಿವೆಯ ಮನೆಗಳಲ್ಲಿ ಮಳೆಗಾಲದ ಚಕ್ಕುಲಿ ನೆನೆದ ಹಗ್ಗದಂತೆ ಬಾಗುತ್ತಿದ್ದಾಗ, ಮಂದೇರಂಡ ದೇಚಮ್ಮನ ಮನೆಯ ಚಕ್ಕುಲಿ ಮಾತ್ರ, ವಿಷ್ಣುವಿನ ಕೈಯಿಂದ ಆಗತಾನೇ ಹೊರಟ ಚಕ್ರದಂತೆ, ಬಹುವಲಯವಿಲಸಿತವಾಗಿ, ಮುಳ್ಳುಮುಳ್ಳಾಗಿ, ಹಲ್ಲಿಗೆ ತಾಗಿದರೆ ಪಟಾರೆಂದು ಮುರಿಯುತ್ತಿತ್ತು. ನೆಂಟರು ಆ ಶಬ್ದ ಕೇಳಲೆಂದೇ ಬರುತ್ತಿದ್ದರು. ಬೇರೆ ಹೆಂಗಸರು ಎಳ್ಳು ಎಷ್ಟು, ಬೆಣ್ಣೆ ಎಷ್ಟು ಎಂದು ಗುಟ್ಟು ಕೇಳುತ್ತಿದ್ದರು. ದೇಚಮ್ಮ ಎಳ್ಳನ್ನೂ ಬೆಣ್ಣೆಯನ್ನೂ ಹೇಳಿ, ಪೆಟ್ಟಿಗೆಯನ್ನು ಹೇಳುತ್ತಿರಲಿಲ್ಲ.

ಆದ್ದರಿಂದ ಯುದ್ಧ ಘೋರವಾಯಿತು. ಅದು ಎಷ್ಟು ದಿನ ನಡೆಯಿತೆಂಬುದರಲ್ಲಿ ಭಿನ್ನಾಭಿಪ್ರಾಯವಿದೆ. ಅಷ್ಟೂ ದಿನ ತೋಟಾಗಳು ಒಲೆಯಿಲ್ಲದ ಕೋಣೆಯ ಮೇಜಿನ ಮೇಲೆ, ಉತ್ತಯ್ಯನ ಒಣಗಿದ ಅಂಗಿಗಳನ್ನೆಲ್ಲ ಹೊದ್ದು ಮಲಗಿದ್ದವೆಂಬುದು ಮಾತ್ರ ಖಚಿತ. ಅವನು ಆ ಕೋಣೆಗೆ ಬೀಗ ಹಾಕಿ, ಮತ್ತೆ ಮತ್ತೆ ತೆಗೆದು ಮುಟ್ಟಿ ನೋಡಿ, ಒದ್ದೆ ಅಂಗಿಯಲ್ಲಿ ಓಡಾಡಿದ. ಪೆಟ್ಟಿಗೆ ಹುಟ್ಟಿದ್ದೇ ಗುಂಡಿಗಾಗಿ ಎಂದು ಅವನು ವಾದಿಸಿದ. ಹುಟ್ಟಿದ್ದು ಯಾರಿಗಾದರೂ ಇರಲಿ, ಬೆಳೆದದ್ದು ತನ್ನ ಕೈಯಲ್ಲಿ ಎಂದು ಅವಳು ಉತ್ತರಿಸಿದಳು. ಒಂದು ದಿನ ಅವನು ಸಿಹಿತಿಂಡಿಯ ದೊಡ್ಡ ತಗಡಿನ ಡಬ್ಬವೊಂದನ್ನು ಪೇಟೆಯಿಂದ ತಂದು ಸಂಧಿಯ ಕಾಣಿಕೆಯೆಂದು ಮುಂದಿಟ್ಟ. ಅವಳು ಅದರಲ್ಲಿ ಒಂದು ಚಕ್ಕುಲಿ ಹಾಕಿ, ಸಂಜೆಗೆ ತೆಗೆದು, ಅವನ ಕಣ್ಣೆದುರಿಗೆ ಮುರಿಯಲು ಹೋದಳು. ಅದು ಮುರಿಯಲಿಲ್ಲ. ಸ್ವಲ್ಪ ಬಾಗಿ, ಇಬ್ಬರನ್ನೂ ನೋಡಿತು.

ಯುದ್ಧವನ್ನು ಮುಗಿಸಿದ್ದು ಶಸ್ತ್ರವಲ್ಲ. ಒಂದು ಮಧ್ಯಾಹ್ನ ಉತ್ತಯ್ಯ ಬೀಗ ತೆಗೆದು ತೋಟಾವೊಂದನ್ನು ನಳಿಗೆಯ ಅಳತೆಯ ಬಳೆಯಲ್ಲಿ ತೂರಿಸಿ ನೋಡಿದ; ಅದು ಅರ್ಧಕ್ಕೆ ಹಿಡಿಯಿತು. ಉಬ್ಬಲು ತೊಡಗಿತ್ತು. ಅವನು ಅದನ್ನು ಹಿಡಿದುಕೊಂಡು ಜಗಲಿಯ ಮೆಟ್ಟಿಲಿಗೆ ಬಂದು ಕುಳಿತ. ಜಗಳವಾಡಲಿಲ್ಲ, ಪೆಟ್ಟಿಗೆ ಕೇಳಲಿಲ್ಲ. ಅಂಗಳದಲ್ಲಿ, ಹೋದ ವರ್ಷ ತಾನು ನಿಂತಿದ್ದ ಜಾಗದಲ್ಲಿ, ಮಳೆನೀರು ಹರಿದುಹೋಗುವುದನ್ನು ನೋಡುತ್ತಿದ್ದ. ದೇಚಮ್ಮ ಅಡುಗೆಮನೆಯಿಂದ ಅದನ್ನು ಕಂಡಳು.

ಸ್ವಲ್ಪ ಹೊತ್ತಿಗೆ ಚಿಲಕ ಟಕ್ಕೆಂದು ತೆರೆದ ಸದ್ದಾಯಿತು. ಚಕ್ಕುಲಿಗಳು ತಗಡಿನ ಡಬ್ಬಕ್ಕೆ ಸುರಿದ ಸದ್ದು, ಸೋತ ಸೈನ್ಯ ಕೋಟೆ ಬಿಡುವ ಸದ್ದಿನಂತೆ, ಮನೆಯನ್ನೆಲ್ಲ ತುಂಬಿತು. ಅವಳು ಪೆಟ್ಟಿಗೆಯನ್ನು ಒಣಬಟ್ಟೆಯಿಂದ ಒರೆಸಿ, ಎಳ್ಳಿನ ಒಂದು ಕಾಳೂ ಉಳಿಯದಂತೆ ಕೊಡವಿ, ತಂದು ಅವನ ಪಕ್ಕದಲ್ಲಿಟ್ಟಳು.

"ಆ ದಿನ ಬಾಗಿಲಲ್ಲಿ ನಿಂತವಳು ನಾನು," ಎಂದಳು. "ಅಪ್ಪಚ್ಚು ಕೇಳಿದ್ದಕ್ಕೆ ಉತ್ತರ ಹೇಳಿದ್ದೂ ನಾನೇ. ನಿಮಗೊಬ್ಬರಿಗೇ ನೆನಪುಂಟು ಅಂತ ತಿಳ್ಕೊಬೇಡಿ."

ಉತ್ತಯ್ಯ ಅಟ್ಟದ ತಪ್ಪಿಗೆ ಆಗ ಕ್ಷಮೆ ಕೇಳಿದ. ಅವಳು ಕೇಳಿಸಿಕೊಂಡು, ಕರಾರುಗಳನ್ನು ಹೇಳಿದಳು: ಉಬ್ಬಿದ್ದನ್ನು ಅಂಗಡಿಗೆ ಹಿಂದಿರುಗಿಸಬೇಕು, ಉಳಿದದ್ದು ಅವುಗಳ ಡಬ್ಬದಲ್ಲೇ ಪೆಟ್ಟಿಗೆಯೊಳಗೆ, ಪೆಟ್ಟಿಗೆ ಒಲೆಯಿಂದ ದೂರದ ಕೋಣೆಯಲ್ಲಿ, ಕೋವಿ ಬೇರೆ ಕೋಣೆಯಲ್ಲಿ, ಬೀಗದ ಕೈ ಅವಳ ಕತ್ತಿನ ಸರದಲ್ಲಿ. ಉಗ್ರಾಣದಲ್ಲಿ ಬರೆದು ನೇತುಹಾಕಿದ್ದ ನಿಯಮಗಳೂ ಇವೇ ಎಂದು ಉತ್ತಯ್ಯನಿಗೆ ಹೊಳೆಯಿತು, ಹೇಳಲಿಲ್ಲ. ಹೀಗೆ ವಿಜಯಿಯಾದ ವೀರನು ತಾನು ಗೆದ್ದ ಪೆಟ್ಟಿಗೆಯನ್ನು ಮುಟ್ಟಬೇಕಾದರೆ ಹೆಂಡತಿಯನ್ನು ಕೇಳಬೇಕಾಯಿತು.

ಕೈಲ್ ಮುಹೂರ್ತದ ದಿನ ಮಳೆ ಕೊಂಚ ಬಿಡುವು ಕೊಟ್ಟಿತು. ನಳಿಗೆಗಳಿಗೆ ತೋಕ್ ಪೂ ಎಂಬ ಕೆಂಪು ಹೂ ಸಿಕ್ಕಿಸಿಕೊಂಡು, ಗಂಧ ಹಚ್ಚಿಸಿಕೊಂಡು ಕೋವಿಗಳು ದೇವರ ಕೋಣೆಯಿಂದ ಹೊರಬಂದವು. ಮೈದಾನದ ಅಂಚಿನ ಮರದ ತುದಿಯಲ್ಲಿ ತೆಂಗಿನಕಾಯಿ, ಜಗತ್ತಿನ ಯಾವ ಕಲಹದ ಅರಿವೂ ಇಲ್ಲದೆ, ತೂಗುತ್ತಿತ್ತು. ಒಕ್ಕದ ಮಹಾರಥಿಗಳು ಒಬ್ಬೊಬ್ಬರಾಗಿ ನಿಂತರು. ಹಸಿರು ಪೆಟ್ಟಿಗೆ ತೆರೆಯಿತು. ಉತ್ತಯ್ಯ ತೆಂಗಿನಕಾಯಿಯತ್ತ ಒಮ್ಮೆಯೂ ನೋಡಲಿಲ್ಲ; ಮರಕ್ಕೆ ಬೆನ್ನು ಹಾಕಿ, ಕಣ್ಣು ಮುಚ್ಚಿ, ಕಿವಿಯೊಂದನ್ನೇ ತೆರೆದು ನಿಂತಿದ್ದ. ಢಮ್. ಅವನ ಭುಜ ಇಷ್ಟು ಇಳಿಯಿತು. ಢಮ್. ಇನ್ನಷ್ಟು. ಪ್ರತಿಯೊಂದೂ ಗುಡುಗಿತು, ಒಂದೂ ಕೈಕೊಡಲಿಲ್ಲ. ಒಂದೂ ಕಾಯಿಗೆ ತಾಗಲಿಲ್ಲವೆಂಬುದೂ ನಿಜ, ಆದರೆ ಅದು ತೋಟಾಗಳ ತಪ್ಪಲ್ಲ. ಅಪ್ಪಚ್ಚು ತನ್ನ ಪೂರ್ವಜರ ಬೇಟೆಗಳನ್ನೆಲ್ಲ ಸ್ಮರಿಸಿ ಹೊಡೆದು, ಪಕ್ಕದ ಕೊಂಬೆಯೊಂದನ್ನು ಕೆಡವಿ, ಗಾಳಿಯನ್ನು ಬೈದ. ಕೊನೆಗೆ ಹೆಂಗಸರ ಸರದಿ ಬಂದಾಗ ದೇಚಮ್ಮ ಸೆರಗು ಬಿಗಿದು, ಕೋವಿಯನ್ನು ಚಕ್ಕುಲಿಯ ಒರಳಿನಷ್ಟೇ ನಿರಾಯಾಸವಾಗಿ ಎತ್ತಿ, ಒಂದೇ ಗುಂಡಿಗೆ ಕಾಯಿಯನ್ನು ಹೋಳುಮಾಡಿದಳು. ಅವಳ ಹುಬ್ಬು ಅಪ್ಪಚ್ಚುವಿನ ಕಡೆ ಸ್ವಲ್ಪ ಏರಿತು.

ಪ್ರತಿಜ್ಞೆ ನೆರವೇರಿತು. ಒಕ್ಕದ ಹಿರಿಯರು ಉತ್ತಯ್ಯನ ಬೆನ್ನು ತಟ್ಟಿದರು. ಕಥೆ ಇಲ್ಲಿಗೆ ಮುಗಿಯಬಹುದಿತ್ತು. ಆದರೆ ಪೆಟ್ಟಿಗೆಯ ತಳದಲ್ಲಿ ಒಂದು ತೋಟಾ ಉಳಿದಿತ್ತು. ಅದು ತಾನಾಗಿ ಉಳಿದದ್ದಲ್ಲ, ಉತ್ತಯ್ಯ ಉಳಿಸಿದ್ದು.

ಹಬ್ಬದ ಗದ್ದಲ ಇಳಿದು ಕಣಿವೆ ಮತ್ತೆ ಮೌನವಾದ ಮೇಲೆ, ಒಂದು ಸಂಜೆ, ಅವನು ಹೆಂಡತಿಯಿಂದ ಬೀಗದ ಕೈ ಕೇಳಿ ಪಡೆದ. ಕರಿಯ ಕುಪ್ಯ ತೊಟ್ಟ. ಕೋವಿಯೊಡನೆ ಅಂಗಳ ದಾಟಿ ಅತ್ತಿಗೆಯ ಜಗಲಿಯ ಕೆಳಗೆ ನಿಂತು, ತಲೆ ತಗ್ಗಿಸಿ, ಅಣ್ಣನಿಗೆ ಸಲ್ಲಬೇಕಾದದ್ದೊಂದು ತನ್ನಲ್ಲಿ ಉಳಿದಿದೆ, ಅಪ್ಪಣೆಯಾದರೆ ಇಂದು ಸಲ್ಲಿಸುತ್ತೇನೆ ಎಂದ. ಮುತ್ತವ್ವ ಬಿಡಿಸುತ್ತಿದ್ದ ಕಾಫಿಬೀಜದ ಮೊರವನ್ನು ಪಕ್ಕಕ್ಕಿಟ್ಟಳು. ಆಗಲೆಂದು ತಲೆಯಾಡಿಸಿದಳು.

ಉತ್ತಯ್ಯ ಅದೇ ಜಾಗದಲ್ಲಿ ನಿಂತ. ಎತ್ತಿದ. ಕುದುರೆ ಎಳೆದ.

ಅಂಥ ಶಬ್ದವನ್ನು ಆ ಕಣಿವೆ ಕೇಳಿರಲಿಲ್ಲವೆನ್ನುವುದು ಅತಿಶಯೋಕ್ತಿ. ಹಬ್ಬದ ದಿನವಿಡೀ ಅದನ್ನೇ ಕೇಳಿತ್ತು. ಆದರೆ ಗುಡ್ಡಗಳು ಒಂದಕ್ಕೊಂದು ಅದನ್ನು ದಾಟಿಸಿಕೊಂಡು ಹೋದವು, ಪಾತರಗಿತ್ತಿಯಷ್ಟು ಹಗುರಾಗಿ ಹೊಗೆ ಮೇಲೇರಿತು, ಮತ್ತು ಹವಾಲ್ದಾರ ಉತ್ತಯ್ಯನ ಎದೆಯಲ್ಲಿದ್ದ ಮುಳ್ಳು ಕಳಚಿಬಿತ್ತು. ಅವನು ಅತ್ತ.

"ಅಳಬೇಡಿ," ಎಂದಳು ಮುತ್ತವ್ವ. "ನಿಮ್ಮ ಅಣ್ಣನಿಗೆ ಹತ್ತು ವರ್ಷದಿಂದ ಎಡಗಿವಿ ಕೇಳ್ತಾ ಇರಲಿಲ್ಲ. ಒಂದು ಕಿವಿಗೆ ಒಂದು ಗುಂಡು ಸಾಕಾಗಿರಬೇಕು ಅಂತ ನಾನು ಅವತ್ತೇ ಅಂದ್ಕೊಂಡೆ."

"ಮತ್ತೆ ಒಂದು ವರ್ಷ ಯಾಕೆ ಹೇಳಲಿಲ್ಲ ಅಕ್ಕ?"

"ನೀವು ಕೇಳಲಿಲ್ಲ."

ಉತ್ತಯ್ಯ ಕುಪ್ಯದ ತೋಳಿನಿಂದ ಮೂಗು ಒರೆಸಿಕೊಂಡ. ದೇಚಮ್ಮ ಕಾಫಿ ತಂದಳು. ಹಬ್ಬದಿಂದ ಉಳಿದಿದ್ದ ಚಕ್ಕುಲಿಯ ತಗಡಿನ ಡಬ್ಬವನ್ನೂ ತಂದಳು. ಮೂವರೂ ಜಗಲಿಯಲ್ಲಿ ಕುಳಿತರು. ಮಹಾಸಮರಗಳ ಅಂತ್ಯದಲ್ಲಿ ಇಳಿಯುವಂಥ ಶಾಂತಿ ಅಂಗಳಕ್ಕೆ ಇಳಿಯತೊಡಗಿತ್ತು. ಆಗ ತೋಡಿನ ಕಡೆಯ ದಾರಿಯಲ್ಲಿ ಒಂದು ಕೊಡೆ ಕಾಣಿಸಿತು. ಕೊಡೆಯ ಕೆಳಗೆ ತೊಳೆದ ಮುಖ, ಹೊರಗಿಟ್ಟ ಹಲ್ಲುಗಳು. ತೋಳಿನಲ್ಲಿ, ಮಗುವಿನಂತೆ, ಬ್ರಾಂದಿ ಬಾಟ್ಲಿ.

ಉತ್ತಯ್ಯನಿಗೆ ಆಗ ಹೊಳೆಯಿತು. ಇಡೀ ವರ್ಷ ಅವನು ಎರಡನೆಯ ಗುಂಡನ್ನು ಲೆಕ್ಕ ಹಾಕಿದ್ದ. ಆದರೆ ಅದನ್ನು ಒಂಟಿಯಾಗಿ ಹೊಡೆದರೆ ಕಣಿವೆ ಅದನ್ನು ಒಂದೆಂದೇ ಕೇಳುತ್ತದೆಂಬುದನ್ನು ಮರೆತಿದ್ದ.

ಅಪ್ಪಚ್ಚು ಮೆಟ್ಟಿಲಲ್ಲಿ ನಿಂತು ಮೂರೂ ಮುಖಗಳನ್ನು ನೋಡಿದ. ಈ ಸಲ ಅವನ ನಗುವಿಗೂ ಅನುಮಾನ ಬಂದಿತ್ತು. ಮೆತ್ತಗೆ, ಬಾಟ್ಲಿಯನ್ನು ಸ್ವಲ್ಪ ಹಿಂದಕ್ಕೆ ಹಿಡಿದು, ಕೇಳಿದ:

"ಯಾರಾದ್ರೂ ಹುಟ್ಟಿದ್ರಾ, ಅಥವಾ..."

"ಹುಟ್ಟಿದ," ಎಂದಳು ಮುತ್ತವ್ವ. "ಹೋದ ವರ್ಷ ಹುಟ್ಟಿದವನಿಗೆ ತಮ್ಮ. ಬಾ, ಕೂತ್ಕೋ."

ಮೊದಲು ನಕ್ಕದ್ದು ದೇಚಮ್ಮ, ಹುಬ್ಬಿನಿಂದಲ್ಲ, ಬಾಯಿಂದ. ಆಮೇಲೆ ಉತ್ತಯ್ಯ ನಕ್ಕ, ಆ ವರ್ಷದಲ್ಲಿ ಮೊದಲ ಬಾರಿಗೆ ಒಣಗಿದ ಗಂಟಲಿನಿಂದ. ಅಪ್ಪಚ್ಚುವಿಗೆ ಪೂರ್ತಿ ಅರ್ಥವಾಗಲಿಲ್ಲ, ಆದರೂ ಕುಳಿತ, ಬಾಟ್ಲಿ ಬಿಚ್ಚಿದ, ಹುಟ್ಟಿದವನ ಆರೋಗ್ಯಕ್ಕೆಂದು ಎಲ್ಲರ ಲೋಟಕ್ಕೂ ಎರೆದ. ಎರೆದು ಡಬ್ಬಕ್ಕೆ ಕೈ ಹಾಕಿ, ಇಡೀ ಕಣಿವೆಯಲ್ಲಿ ಪ್ರಸಿದ್ಧವಾದ ಚಕ್ಕುಲಿಯೊಂದನ್ನು ತೆಗೆದು, ಆ ಶಬ್ದಕ್ಕಾಗಿ ಕಿವಿಯನ್ನು ಸಜ್ಜುಗೊಳಿಸಿ, ಕಚ್ಚಿದ.

ಏನೂ ಕೇಳಿಸಲಿಲ್ಲ.

ಅಪ್ಪಚ್ಚು ಚಕ್ಕುಲಿಯನ್ನು ಬಾಯಿಂದ ತೆಗೆದು ನೋಡಿದ. ಅವನ ಹಲ್ಲಿನ ಗುರುತು ಅದರ ಮೇಲೆ ಮೆತ್ತನೆ ಮೂಡಿತ್ತು. ಅವನು ದೇಚಮ್ಮನ ಕಡೆ ತಿರುಗಿ, ಬಹಳ ಗೌರವದಿಂದ, "ಠುಸ್," ಎಂದ.

ಕತ್ತಲಾಗುವ ಮೊದಲು ಹಸಿರು ಪೆಟ್ಟಿಗೆ ಅಡುಗೆಮನೆಯ ಕಪಾಟಿಗೆ ಮರಳಿತ್ತು. ಒಲೆಯ ಮೇಲೆ ಎಣ್ಣೆ ಕಾಯುತ್ತಿತ್ತು. ದೇಚಮ್ಮ ಚಕ್ಕುಲಿಯ ಒರಳಿಗೆ ಒತ್ತೊತ್ತಿ, ನಿರ್ದಯವಾಗಿ ಹಿಟ್ಟು ತುಂಬುತ್ತಿದ್ದಳು. ಭೂಸೇನಾಭೂಷಣನಾದ ಹವಾಲ್ದಾರ ಉತ್ತಯ್ಯ, ಕರಿಯ ಕುಪ್ಯವನ್ನು ಇನ್ನೂ ಕಳಚದೆ, ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತು, ಮುಂದಿನ ಹಿಟ್ಟಿಗೆಂದು ಎಳ್ಳಿನೊಳಗಿನ ಕಲ್ಲು ಆರಿಸುತ್ತಿದ್ದ.